ಒಂದೇ ಕುರ್ಚಿಗೆ ಇಬ್ಬರು

"ಆ ಗೋಡೆ ಜಾಮೀನು ಕೊಡ್ತಾ ಇಲ್ವಾ?"

ಬೆಥನ್ ಬೆಚ್ಚಿ ತಿರುಗಿದಳು. ಲಂಡನ್ನಿನಲ್ಲಿ ವಕೀಲರ ಕಚೇರಿಗಳೇ ತುಂಬಿರುವ ಟೆಂಪಲ್ ಬಡಾವಣೆಯ ಆ ಛೇಂಬರ್‌ಗೆ ತರಬೇತಿಯ ಸಂದರ್ಶನಕ್ಕೆ ಬಂದಿದ್ದವಳು, ಕಾಯುವ ಕೋಣೆಯಲ್ಲಿ ಯಾರೂ ಇಲ್ಲವೆಂದುಕೊಂಡು ಗೋಡೆಯ ಮುಂದೆ ವಾದ ಮಂಡಿಸುತ್ತಿದ್ದಳು. ಬಾಗಿಲಿಗೊರಗಿ ನಿಂತಿದ್ದ ಎತ್ತರದ ಯುವಕ ನಗು ತಡೆಯಲು ಒದ್ದಾಡುತ್ತಿದ್ದ.

"ಇನ್ನೇನು ಕೊಡ್ತಿತ್ತು. ನೀವು ಬಂದು ಕೆಡಿಸಿದ್ರಿ!"

"ಮೇಲ್ಮನವಿ ಹಾಕಿ," ಎಂದ ಅವನು. "ನಾನು ಡಾಯೊ ಓಯೆಲರನ್. ಒಳಗೆ ನಿಮ್ಮ ಎದುರು ವಾದ ಮಾಡೋನು ನಾನೇ."

ಬೆಥನ್ ಪ್ರಾಬರ್ಟ್ ಅವನನ್ನೇ ನೋಡಿದಳು. ಇವನಾ? ಈ ಕಣ್ಣುಗಳನ್ನು ನೋಡುತ್ತಾ ನಾನು ವಾದ ಮಾಡಬೇಕಾ?

ಒಳಗೆ ಅಭ್ಯರ್ಥಿಗಳ ಪರೀಕ್ಷೆಗೆಂದು ಕಟ್ಟಿದ ಅಣಕು ಮೊಕದ್ದಮೆ. ಕಳ್ಳನಿಗೆ ಜಾಮೀನು ಕೊಡಿ ಎಂದು ಅವಳು, ಕೊಡಬೇಡಿ ಎಂದು ಅವನು. ಇಬ್ಬರೂ ಎಷ್ಟು ಹಟದಿಂದ ಜಗ್ಗಾಡಿದರೆಂದರೆ, ಛೇಂಬರ್‌ನ ಮುಖ್ಯಸ್ಥೆ ಹಿಲರಿ ಕ್ರೇಕ್ ಅಂಕ ಹಾಕುವುದನ್ನೇ ಮರೆತು ಕೇಳುತ್ತ ಕುಳಿತರು.

ಇಬ್ಬರೂ ತರಬೇತಿಗೆ ಆಯ್ಕೆಯಾದರು.

"ಖುಷಿಪಡಿ. ಆದ್ರೆ ಜಾಸ್ತಿ ಬೇಡ," ಎಂದರು ಹಿಲರಿ. "ವರ್ಷ ಮುಗಿದ ಮೇಲೆ ಇಲ್ಲಿ ಕಾಯಂ ಜಾಗ ಸಿಗೋದು ಒಬ್ಬರಿಗೆ."

ಒಬ್ಬರಿಗೆ! ಆ ಮಾತು ಬೆಥನ್‌ಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮೇಲಂತಸ್ತಿನ ಇಕ್ಕಟ್ಟಾದ ಕೋಣೆಯಲ್ಲಿ ಇಬ್ಬರಿಗೂ ಒಂದೇ ಮೇಜು. ಬೆಳಗಾದರೆ ವಕೀಲರ ವಿಗ್ಗು, ಗೌನು ತುಂಬಿದ ಚೀಲ ಎಳೆದುಕೊಂಡು ಒಬ್ಬಳು ಲೂಟನ್ನಿನ ಕೋರ್ಟಿಗೆ, ಒಬ್ಬ ಹ್ಯಾರೋ ಕೋರ್ಟಿಗೆ. ಸಂಜೆ ಒಂದೇ ಸ್ಯಾಂಡ್‌ವಿಚ್‌ನಲ್ಲಿ ಪಾಲು. ಪೆಕಮ್‌ನ ಮನೆಯಿಂದ ಅವನ ಅಮ್ಮ ಕಳಿಸುವ ಜೊಲೋಫ್ ಅನ್ನದ ಡಬ್ಬಿಗೆ ಮೊದಲು ಕೈ ಹಾಕುತ್ತಿದ್ದವಳು ಬೆಥನ್.

"ಖಾರ ಅಂತ ಅಳ್ತೀಯ, ಆದ್ರೂ ತಿಂತೀಯ!"

"ಅಳ್ತಾ ಇರೋದು ನಿನ್ನ ವಾದ ನೆನೆಸ್ಕೊಂಡು."

ನಗುತ್ತಿದ್ದರು. ನಕ್ಕ ಮರುಕ್ಷಣವೇ ಇಬ್ಬರೂ ಕಡತಕ್ಕೆ ತಲೆ ಬಗ್ಗಿಸುತ್ತಿದ್ದರು. ಇವನು ಗೆದ್ದರೆ ನಾನು ಸೋತೆ... ನಾನು ಗೆದ್ದರೆ ಇವನು ಹೋದ. ಯಾವುದನ್ನು ಬಯಸಲಿ? ವೇಲ್ಸ್‌ನ ಕಣಿವೆಯೂರಿನಲ್ಲಿ ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಅಮ್ಮ ಫೋನಿನಲ್ಲಿ "ನಿದ್ದೆ ಮಾಡ್ತಿದ್ದೀಯಾ ಮಗಳೇ?" ಎಂದು ಕೇಳಿದರೆ, ಬೆಥನ್ ಮಾತು ಬದಲಾಯಿಸುತ್ತಿದ್ದಳು.

ಆಮೇಲೆ ಬಂತು ಡೋನಾಳ ಮೊಕದ್ದಮೆ.

ಡೋನಾ ಇಬ್ಬರು ಮಕ್ಕಳ ತಾಯಿ. ಗಂಡ ಕದ್ದು ತಂದ ಮಾಲನ್ನು ಮನೆಯಲ್ಲಿಟ್ಟುಕೊಂಡ ತಪ್ಪನ್ನು ಒಪ್ಪಿಕೊಂಡಿದ್ದಳು. ಆ ದಿನ ಶಿಕ್ಷೆಯ ತೀರ್ಮಾನ, ಅವಳ ಪರ ವಕೀಲೆ ಬೆಥನ್. ಪೂರ್ವ ಲಂಡನ್ನಿನ ಆ ಕೋರ್ಟಿನಲ್ಲಿ ಜಡ್ಜ್ ಕನ್ನಡಕದ ಮೇಲಿಂದ ನೋಡಿ ಕೇಳಿದರು:

"ಮಿಸ್ ಪ್ರಾಬರ್ಟ್, ಯಾವ ಕಲಮಿನ ಪ್ರಕಾರ ನಾನು ಈಕೆಯನ್ನು ಜೈಲಿಗೆ ಕಳಿಸದೆ ಬಿಡಬಹುದು?"

ಗೊತ್ತಿತ್ತು. ಬೆಳಗ್ಗೆ ತಾನೇ ಓದಿದ್ದಳು. ಆದರೆ ನಾಲಿಗೆ ಏಳಲಿಲ್ಲ! ಕಟಕಟೆಯಲ್ಲಿ ಡೋನಾ ಅವಳನ್ನೇ ನೋಡುತ್ತಿದ್ದಳು...

ಹಿಂದಿನ ಸಾಲಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಡಾಯೊ ಮುಂದಕ್ಕೆ ಬಾಗಿ ಒಂದೇ ಒಂದು ಅಂಕಿ ಪಿಸುಗುಟ್ಟಿದ. ಅಷ್ಟೇ ಸಾಕಾಯಿತು. ಕಟ್ಟಿದ್ದ ಬಾಯಿ ಬಿಚ್ಚಿಕೊಂಡಿತು. ಡೋನಾ ಅಂದು ಮಕ್ಕಳಿರುವ ಮನೆಗೇ ಹೋದಳು.

ಮರುದಿನ ಹಿಲರಿ ಬೆಥನ್‌ಳನ್ನು ಕರೆಸಿದರು.

"ಡಾಯೊ ಹಿಂದಿನಿಂದ ಹೇಳಿಕೊಡದಿದ್ರೆ ಆ ತಾಯಿಯ ಗತಿ ಏನಾಗ್ತಿತ್ತು?"

ಬೆಥನ್ ಕೋರ್ಟಿನಲ್ಲಿ ಯಾರಿದ್ದರೆಂದು ನೆನಪಿಸಿಕೊಂಡಳು. ಛೇಂಬರ್‌ನವರು ಅಂತ ಅಲ್ಲಿದ್ದವನು ಅವನೊಬ್ಬನೇ. ಅಂದರೆ...

ಮೆಟ್ಟಿಲು ಹತ್ತಿ ಬಂದವಳೇ ಸಿಡಿದಳು. "ಜಾಗ ಬೇಕಿದ್ರೆ ಎದುರಿಗೆ ನಿಂತು ಗೆಲ್ಲಬೇಕಿತ್ತು! ನನ್ನ ಕಾಪಾಡಿ, ಆಮೇಲೆ ಹೋಗಿ ಡಂಗುರ ಹೊಡೆದೆಯಲ್ಲ!"

ಡಾಯೊನ ಮುಖ ಬಾಡಿತು. "ಬೆಥನ್, ನಾನು ಯಾರಿಗೂ ಹೇಳಿಲ್ಲ."

"ಮತ್ತೆ ನಿನ್ನ ವಿಗ್ಗು ಹೋಗಿ ಹೇಳ್ತಾ?"

"ಇಷ್ಟು ತಿಂಗಳಲ್ಲಿ ನನ್ನನ್ನ ಇಷ್ಟೇನಾ ನೋಡಿದ್ದು ನೀನು?"

ಅವಳು ತನ್ನ ಕಡತ ಎಳೆದುಕೊಂಡಳು. ಆಮೇಲೆ ಮೇಜಿನ ಎರಡು ಬದಿಯಲ್ಲಿ ಇಬ್ಬರು ಅಪರಿಚಿತರು.

ಶರತ್ಕಾಲದಲ್ಲಿ ಛೇಂಬರ್‌ನ ವಕೀಲರು ಮತ ಹಾಕಿದರು. ಜಾಗ ಡಾಯೊಗೆ ಸಿಕ್ಕಿತು.

ಬೆಥನ್ ಮರುದಿನ ಅವನ ಕೈ ಕುಲುಕಿದಳು, ಕಣ್ಣಿಗೆ ಕಣ್ಣು ಕೊಡಲಿಲ್ಲ. ವೇಲ್ಸ್‌ನ ಕಾರ್ಡಿಫ್ ನಗರದ ಒಂದು ಛೇಂಬರ್ ಇನ್ನಾರು ತಿಂಗಳ ತರಬೇತಿಗೆ ಕರೆಯಿತು. ಹೋದಳು. ಅಲ್ಲಿ ಕೆಲಸವಿತ್ತು, ಒಳ್ಳೆಯ ಹೆಸರೂ ಬಂತು. ನೆಮ್ಮದಿ ಮಾತ್ರ ಬರಲಿಲ್ಲ. ಯಾಕೆ ಪದೇ ಪದೇ ಫೋನ್ ನೋಡ್ತೀಯ ಬೆಥನ್? ಅವನು ಮಾಡಲ್ಲ. ಮಾಡಿದರೂ ನೀನು ಎತ್ತಲ್ಲ... ಎತ್ತಲ್ವಾ?

ಒಂದು ಮಧ್ಯಾಹ್ನ ಫೋನ್ ಬಂತು. ಲಂಡನ್ ಛೇಂಬರ್‌ನ ಹಿರಿಯ ಗುಮಾಸ್ತ ರಾನ್.

"ಮಿಸ್, ನಿಮ್ಮ ಡೋನಾ ಕೇಕ್ ಮಾಡ್ಕೊಂಡು ಬಂದಿದ್ಲು. ನೀವಿಲ್ಲ, ಅದಕ್ಕೆ ನಾವೇ ತಿಂದ್ವಿ. ತಪ್ಪು ಒಪ್ಕೋತೀವಿ!"

ಬೆಥನ್‌ಗೆ ನಗು ಬಂತು. ಜೊತೆಗೆ ಹಳೆಯ ಕಹಿಯೂ. "ಡಾಯೊಗೆ ದೊಡ್ಡ ತುಂಡು ಕೊಡಬೇಕಿತ್ತು. ಕಥೆ ಹೇಳಿ ಜಾಗ ಗಿಟ್ಟಿಸಿದವನು ಅವನೇ ಅಲ್ವಾ?"

"ಯಾವ ಕಥೆ ಮಿಸ್?"

"ನಾನು ಕೋರ್ಟಲ್ಲಿ ತಡವರಿಸಿದ್ದು."

"ಅಯ್ಯೋ, ಅದನ್ನ ಹಿಲರಿ ಮೇಡಮ್‌ಗೆ ಹೇಳಿದ್ದು ಆ ಜಡ್ಜೇ! ಅವರಿಬ್ಬರೂ ಹಳೇ ಸ್ನೇಹಿತರು. ಮೇಡಮ್ ನನ್ನೆದುರಿಗೇ ಡಾಯೊನ ಕೇಳಿದ್ರು. 'ಅದು ಬೆಥನ್‌ಳ ಮೊಕದ್ದಮೆ, ಅವಳನ್ನೇ ಕೇಳಿ' ಅಂದ. ಅದರ ಮೇಲೆ ತುಟಿ ಬಿಚ್ಚಲಿಲ್ಲ."

ಬೆಥನ್ ಪೆನ್ನು ಹುಡುಕಿದಳು. ದೇವರೇ... ನಾನೇನು ಮಾಡಿಬಿಟ್ಟೆ!

"ನಾಳೆ ಅವನು ಯಾವ ಕೋರ್ಟಲ್ಲಿ ಇರ್ತಾನೆ, ರಾನ್?"

ಮರುದಿನ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಇಳಿದವಳು ಓಡುತ್ತಲೇ ಕೋರ್ಟು ಸೇರಿದಳು. ಜ್ಯೂರಿ ತೀರ್ಮಾನಕ್ಕೆ ಒಳಗೆ ಹೋಗಿತ್ತು. ಹೊರಗಿನ ಬೆಂಚಿನಲ್ಲಿ ಡಾಯೊ ವಿಗ್ಗು ಕೈಯಲ್ಲಿ ಹಿಡಿದು ಕಾಯುತ್ತಿದ್ದ.

ಅವಳನ್ನು ಕಂಡು ಎದ್ದು ನಿಂತ. "ಬೆಥನ್? ಇಲ್ಲಿ ಮೊಕದ್ದಮೆ ಇದೆಯಾ?"

"ಇಲ್ಲ. ತಪ್ಪೊಪ್ಪಿಗೆ ಇದೆ." ಈ ಸಲ ಅವಳು ತಡವರಿಸಲಿಲ್ಲ. "ಕೇಳದೆ, ವಿಚಾರಿಸದೆ ನಿನಗೆ ಶಿಕ್ಷೆ ಕೊಟ್ಟೆ. ಯಾವ ಕಳ್ಳನಿಗೂ ಹಾಗೆ ಮಾಡಬಾರದು ಅಂತ ಊರೂರು ವಾದ ಮಾಡೋಳು... ನಿನ್ನ ಮಾತು ಮಾತ್ರ ಕೇಳಲಿಲ್ಲ. ಕ್ಷಮಿಸು ಡಾಯೊ."

ಅವನು ವಿಗ್ಗನ್ನು ಬೆಂಚಿನ ಮೇಲಿಟ್ಟ.

"ಕೋಪ ಇತ್ತು," ಎಂದ ಕೊನೆಗೆ. "ಈಗಲೂ ಸ್ವಲ್ಪ ಇದೆ. ಆ ಜಾಗ ಸಿಕ್ಕಿದ ದಿನ ಮೊದಲು ನಿನಗೇ ಹೇಳೋಣ ಅಂತ ತಿರುಗಿದೆ. ನಿನ್ನ ಕುರ್ಚಿ ಖಾಲಿ ಇತ್ತು."

"ಆ ಜಾಗಾನ ನನಗೋಸ್ಕರ ಬಿಟ್ಟುಕೊಡ್ತೀನಿ ಅಂತ ಮಾತ್ರ ಅನ್ನಬೇಡ! ನೀನು ಗೆದ್ದಿದ್ದು ಅದು."

"ಅನ್ನಲ್ಲ," ಎಂದು ಅವನು ನಕ್ಕ. "ನೀನೂ ಕಾರ್ಡಿಫ್ ಬಿಡಬೇಡ. ರೈಲು ಇದೆಯಲ್ಲ."

"ರೈಲು ಯಾಕೆ?"

"ಯಾಕೆ ಅಂತ ಗೊತ್ತಿಲ್ವಾ?"

ಅವಳ ಕಣ್ಣು ತುಂಬಿ ಬಂತು. "ಗೊತ್ತು. ಆದ್ರೂ ನಿನ್ನ ಬಾಯಿಂದ ಕೇಳಬೇಕು."

"ನಿನ್ನನ್ನ ಪ್ರೀತಿಸ್ತೀನಿ ಬೆಥನ್..."

ಅಷ್ಟರಲ್ಲಿ ಕೋರ್ಟಿನ ಧ್ವನಿವರ್ಧಕ ಕೂಗಿತು. ಜ್ಯೂರಿ ಬಂದಿದೆ, ವಕೀಲರು ಒಳಗೆ ಬರಬೇಕು! ಡಾಯೊ ಗಡಿಬಿಡಿಯಿಂದ ವಿಗ್ಗು ಹಾಕಿಕೊಂಡ. ಸೊಟ್ಟಗೆ ಕೂತಿತು. ಬೆಥನ್ ಎರಡೂ ಕೈಯಿಂದ ಅದನ್ನು ಸರಿಮಾಡಿದಳು.

"ನಾನೂ ನಿನ್ನನ್ನೇ," ಎಂದಳು ಮೆಲ್ಲಗೆ. "ಹೋಗು, ಕಟಕಟೆಯಲ್ಲೊಬ್ಬ ನಿನ್ನ ದಾರಿ ನೋಡ್ತಾ ನಿಂತಿರ್ತಾನೆ."

"ತಡ ಆಗಬಹುದು. ನಿನ್ನ ರೈಲು ತಪ್ಪುತ್ತೆ..."

"ತಪ್ಪಲಿ ಬಿಡು. ನಾನಿಲ್ಲೇ ಇರ್ತೀನಿ."