ಪರದೆಯ ಮೇಲಿನ ಕಸ

“ಫೈಲು ಖಾಲಿ! ಅಂದ್ರೆ ಎರರುಗಳನ್ನ ಯಾರೋ ಅಳಿಸಿದ್ದಾರೆ!” ಮ್ಯಾನೇಜರು ಮೇಜು ಗುದ್ದಿದರು.

ಔಷಧಿ ಆರ್ಡರುಗಳ ಪ್ರೋಗ್ರಾಂ ಬೆಳಿಗ್ಗೆ ಏಳಕ್ಕೇ ನಿಂತುಹೋಗಿತ್ತು. ಅದು ಓಡುವ ‘ಕಂಟೇನರ್’ ಎಂಬ ಪೆಟ್ಟಿಗೆ ನಡೆದದ್ದನ್ನೆಲ್ಲ ‘ಲಾಗು’ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಅದರಿಂದ ಎರರುಗಳನ್ನು ಹುಡುಕಿ ಒಂದು ಫೈಲಿಗೆ ಹಾಕಿದರೆ, ಫೈಲಿನಲ್ಲಿ ಒಂದೂ ಇಲ್ಲ. ಪ್ರೋಗ್ರಾಮನ್ನು ಕೊನೆಗೆ ಮುಟ್ಟಿದವಳು ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ ಹೊಸಬಳು. ಅವಳನ್ನು ತೆಗೆದುಹಾಕುವ ಕಾಗದ ಆಗಲೇ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಅವಳ ಪಕ್ಕದ ಕುರ್ಚಿಯ ಪ್ರೋಗ್ರಾಂ ಪರೀಕ್ಷಕನಿಗೆ ತಲೆಬುಡ ಅರ್ಥವಾಗಲಿಲ್ಲ. ಒಂದು ಸಾಲು ಬದಲಿಸಲೂ ಅವಳು ಅವನನ್ನು ಎರಡು ಸಲ ಕೇಳಿದ್ದಳು. ಅಂಥವಳು ಅಳಿಸುವುದೆಂದರೇನು? ಆದರೆ ಫೈಲಂತೂ ಖಾಲಿ! ಅವನು ಓಡಿಹೋಗಿ ಕಿಟಕಿ ಬಳಿಯ ಅಕ್ಕನನ್ನು ಕರೆತಂದ. ಆ ಕಚೇರಿಯಲ್ಲಿ ಕಳೆದುಹೋದ ಬೀಗದ ಕೈಯಿಂದ ಹಿಡಿದು ಎಲ್ಲವನ್ನೂ ಪತ್ತೆಹಚ್ಚುತ್ತಿದ್ದವಳು ಅವಳೇ.

ಅಕ್ಕ ಮೊದಲು ಹೊಸಬಳ ಕೈಗೆ ನೀರಿನ ಲೋಟ ಕೊಟ್ಟಳು. ಆಮೇಲೆ, “ನೀವು ಹೇಗೆ ಹುಡುಕಿದ್ರೋ ಹಾಗೇ ಇನ್ನೊಂದ್ಸಲ ಮಾಡಿ ಸಾರ್” ಎಂದಳು.

ಮ್ಯಾನೇಜರು ಕಮಾಂಡ್ ಒತ್ತಿದರು. ಲಾಗು ‘ಗ್ರೆಪ್’ ಎಂಬ ಜರಡಿಗೆ, ಜರಡಿಯಲ್ಲಿ ಸಿಕ್ಕ ಎರರುಗಳು ಫೈಲಿಗೆ. ಪರದೆಯ ಮೇಲೆ ಸಾಲುಗಳು ಧೋ ಎಂದು ಸುರಿದವು. ಅವರು ಚಕ್ಕನೆ ಒಂದು ಕೀಲಿ ಒತ್ತಿ ಪರದೆ ಒರೆಸಿ ಫೈಲು ತೆರೆದರು. ಖಾಲಿ!

“ಅದೇನ್ ಸಾರ್ ಸುರಿದದ್ದು?”

“ಅದಾ? ಕಸ. ದಿನಾ ಲಾಗು ನೋಡ್ತೀನಲ್ಲ, ಮೂರು ದಿನದಿಂದ ಬರ್ತಿದೆ. ಒರೆಸಿ ಒರೆಸಿ ಸಾಕಾಯ್ತು.”

ಅಕ್ಕನ ಮುಖ ಅರಳಿತು. “ಎಲ್ಲರನ್ನೂ ಕರೀಪ್ಪಾ” ಎಂದಳು ಪರೀಕ್ಷಕನಿಗೆ. ಅವನು ಕಕ್ಕಾಬಿಕ್ಕಿಯಾಗಿಯೇ ಕರೆದ.

ಎಲ್ಲರೂ ಮೇಜಿನ ಸುತ್ತ ನೆರೆದರು. “ಸಿಕ್ಕಿದ್ದೆಲ್ಲ ಫೈಲಿಗೆ ಹೋಗೋದಾದ್ರೆ ಪರದೆ ಮೇಲೆ ಒಂದು ಸಾಲೂ ಬೀಳಬಾರದು. ಬಿತ್ತಲ್ಲ? ಅಂದ್ರೆ ಜರಡಿ ತಪ್ಪಿಸ್ಕೊಂಡು ಏನೋ ಹರಿದಿದೆ. ಈ ಪ್ರೋಗ್ರಾಂಗೆ ಎರಡು ನಲ್ಲಿ. ಒಂದರಲ್ಲಿ ಮಾಮೂಲಿ ಮಾತು, ಇನ್ನೊಂದರಲ್ಲಿ ಎರರು. ಸಾರ್ ಜರಡಿ ಹಿಡಿದದ್ದು ಮೊದಲನೇದರ ಕೆಳಗೆ ಮಾತ್ರ.”

“ಹಾಗಾದ್ರೆ ಅಳಿಸಿದ್ದು ಯಾರಕ್ಕಾ?” ಪರೀಕ್ಷಕ ತಲೆ ಕೆರೆದುಕೊಂಡ.

“ಯಾರೂ ಅಳಿಸಿಲ್ಲ ಕಣೋ. ಸಾರ್ ಕಸ ಅಂತ ಒರೆಸಿದ್ದೇ ಎರರು!”

ಕಮಾಂಡಿನಲ್ಲಿ ಜರಡಿಗೆ ಮುಂಚೆ ಅಕ್ಕ 2>&1 ಎಂದು ಸೇರಿಸಿದಳು. ಎರಡು ನಲ್ಲಿಗಳೂ ಒಂದಾದವು. ಈ ಸಲ ಪರದೆ ಸುಮ್ಮನಿತ್ತು, ಫೈಲು ತುಂಬಿತ್ತು. ಸಾಲುಸಾಲಿನಲ್ಲೂ ಒಂದೇ ದೂರು: ಡಿಸ್ಕಿನಲ್ಲಿ ಜಾಗವಿಲ್ಲ.

“ಮೂರು ದಿನದಿಂದ ಕೂಗ್ತಿದೆ, ಪಾಪ” ಎಂದಳು ಅಕ್ಕ. “ಈ ಮಗು ಬಂದದ್ದು ನಿನ್ನೆ.”

ಮ್ಯಾನೇಜರ ಕಿವಿ ಕೆಂಪಾಯಿತು. ಸಹಿಗೆ ಕಾದಿದ್ದ ಕಾಗದವನ್ನು ಮಗುಚಿ, ಪೆನ್ನಿನೊಂದಿಗೆ ಹೊಸಬಳ ಮುಂದಿಟ್ಟರು. “ತಪ್ಪಾಯ್ತಮ್ಮ. ಆ ಕಮಾಂಡ್ ಇಲ್ಲಿ ದೊಡ್ಡದಾಗಿ ಬರ್ಕೊಡು.”

ಅವಳು ಬರೆದುಕೊಟ್ಟಳು. ಅವರು ಅದನ್ನು ತಮ್ಮ ಪರದೆಯ ಮೇಲಂಚಿಗೇ ಅಂಟಿಸಿಕೊಂಡರು. ಗೋಡೆಯತ್ತ ತಿರುಗಿದ ಮಗ್ಗುಲಲ್ಲಿ ಸಹಿಯ ಜಾಗ ಖಾಲಿಯೇ ಉಳಿಯಿತು.