ಮೂವತ್ತೆರಡು ಉಸಿರು

ನಮ್ಮಣ್ಣ ಹಳೆಯ ಜನಪ್ರಿಯ ಹಾಡುಗಳನ್ನು ಪಿಯಾನೋಗೆ ಹೊಂದಿಸಿ ಸ್ವರಲಿಪಿ ಬರೆಯುತ್ತಿದ್ದ. ಹಾಡುವವರು ಉಸಿರೆಳೆಯಬೇಕಾದ ಕಡೆ ಅಲ್ಪವಿರಾಮದಂಥ ಗುರುತು ಹಾಕುತ್ತಿದ್ದ. ಪ್ರತಿ ಹಾಡಿನ ಕೆಳಗೆ ಅದರ ಹಿನ್ನೆಲೆಯೂ ನಾಲ್ಕು ಸಾಲಿನಲ್ಲಿ ಇರುತ್ತಿತ್ತು. ಅವನು ಕೊನೆಯದಾಗಿ ಸ್ವರಲಿಪಿ ಬರೆದ ಹಾಡನ್ನು ಅದರ ಮೂಲ ಗಾಯಕಿ ಜ್ವರದಲ್ಲೇ ಹಾಡಿದ್ದಳಂತೆ. ಅದಕ್ಕೇ ಅದರಲ್ಲಿ ಮೂವತ್ತೆರಡು ಗುರುತುಗಳು.

ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಅದು ಅಚ್ಚಾಗುವ ದಿನ ಅಣ್ಣ ಆಸ್ಪತ್ರೆಯಲ್ಲಿದ್ದ, ಶ್ವಾಸಕೋಶ ಕೈಕೊಟ್ಟಿತ್ತು. ಯಜಮಾನನ ಹತ್ತಿರ ರಜೆ ಕೇಳಿದೆ.

"ನೀನು ಪಕ್ಕದಲ್ಲಿ ಕೂತ್ರೆ ಅವನು ಎದ್ದು ಕುಣೀತಾನಾ? ನೂರು ಪ್ರತಿ ಮುಗಿಸಿ ಹೋಗೋ."

ಹಲ್ಲು ಕಡಿದುಕೊಂಡು ಯಂತ್ರ ಶುರು ಮಾಡಿದೆ.

ಹತ್ತನೆಯ ಹಾಳೆಯಲ್ಲಿ ಗುರುತುಗಳು ಮೂವತ್ತೇ ಇದ್ದವು. ನಲವತ್ತನೆಯದರಲ್ಲಿ ಹತ್ತೊಂಬತ್ತು. ಸ್ವರಗಳೆಲ್ಲ ಕಪ್ಪಗೆ ಮೂಡಿದ್ದವು, ಉಸಿರು ಮಾತ್ರ ಉದುರುತ್ತಿತ್ತು. ಕಾಗದ ಮುಟ್ಟಿದರೆ ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು.

"ಯಜಮಾನ್ರೇ, ಇಲ್ನೋಡಿ!"

"ಅಚ್ಚಿನ ತಗಡು ಸವೆದಿರುತ್ತೆ. ಅದಕ್ಯಾಕೋ ಹೆಣ ಕಂಡೋನ ಹಾಗೆ ಮುಖ ಮಾಡ್ಕೊಂಡಿದ್ದೀಯ?"

ಯಂತ್ರ ನಿಲ್ಲಿಸಿದೆ. ಗುರುತು ತುಂಬಿದರೆ ಅಣ್ಣನಿಗೆ ಉಸಿರು ಸಿಕ್ಕೀತು ಎಂಬ ಹುಚ್ಚು ಹಿಡಿದು, ಪೆನ್ಸಿಲಿನಿಂದ ಒಂದೊಂದೇ ಹಾಕತೊಡಗಿದೆ. ಕಾಗದದ ಮೇಲೆ ಸೀಸ ಹತ್ತಲೇ ಇಲ್ಲ. ಒತ್ತಿ ಒತ್ತಿ ಮೊನೆ ಮುರಿಯಿತು.

ಅಷ್ಟರಲ್ಲಿ ಅತ್ತಿಗೆಯ ಫೋನು. "ಇನ್ನು ಓಡಿ ಬರ್ಬೇಡ ಕಣೋ. ನಿಮ್ಮಣ್ಣ ಹೋಗ್ಬಿಟ್ರು."

ಯಂತ್ರದಿಂದ ತಗಡು ಬಿಚ್ಚಿ, ಬೆಳಕಿಗೆ ಹಿಡಿದು ಎಣಿಸಿದೆ. ಮೂವತ್ತೆರಡೂ ಇದ್ದವು, ಒಂದೂ ಸವೆದಿರಲಿಲ್ಲ. ಯಂತ್ರ ನಿಲ್ಲುವಾಗ ಕೊನೆಗೆ ಬಂದ ಹಾಳೆಯಲ್ಲಿ ಇದ್ದದ್ದು ಒಂದೇ ಗುರುತು. ಅದು ಅಣ್ಣ ಎಲ್ಲೂ ಹಾಕಿರದ ಜಾಗದಲ್ಲಿ, ಹಾಡು ಮುಗಿದ ಮೇಲಿನ ಖಾಲಿ ಗೆರೆಯ ಮೇಲಿತ್ತು.