ಬಲಗಡೆಯ ಕಿಟಕಿಗೆ ಬಂದ ಹಾಡು

"ಅದು ನಿಮಗ ಬ್ಯಾಡ್ರಿ. ಈ ಸಣ್ಣದು ಸಾಕು."

ಹಗರಿಬೊಮ್ಮನಹಳ್ಳಿಯ ಕಾರ್ ಸ್ಟೀರಿಯೊ ಅಂಗಡಿಯ ಹುಲುಗೇಶ ಇಷ್ಟೇ ಹೇಳಿದ್ದು. ರೇಣುಕಾಳಿಗೆ ಮೈಯೆಲ್ಲ ಉರಿದುಹೋಯಿತು!

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ದಿನವೂ ಟೀಚರುಗಳನ್ನು ಕರೆತರುವ ಕಾರು ಅವಳದು. ಸ್ವಂತ ದುಡಿಮೆಯದು, ಓಡಿಸುವವಳೂ ಅವಳೇ. ಅದರಲ್ಲಿ ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕೆಂಬ ಹಟಕ್ಕೆ ಬಿದ್ದು ಡಿಎಸ್‌ಪಿ ಕೊಳ್ಳಲು ಬಂದಿದ್ದಳು. ಹಾಡನ್ನು ಹದ ಮಾಡಿ ಒಂದೊಂದು ಸ್ಪೀಕರಿಗೆ ಹಂಚುವ ಡಬ್ಬಿ ಅದು.

"ಯಾಕ್ರಿ? ಹೆಣ್ಮಗಳಿಗೆ ದೊಡ್ಡದು ತಿಳಿಯಂಗಿಲ್ಲ ಅಂತನಾ?"

"ಹಂಗಲ್ರಿ... ಇದು ಹೊಸಬರಿಗೆ ಸಲೀಸು. ಫೋನಿನ್ಯಾಗ ನೀವಾ ಹೊಂದಿಸ್ಕೋಬಹುದು. ದೊಡ್ಡದಕ್ಕ ಲ್ಯಾಪ್‌ಟಾಪ್ ಬೇಕು, ನನ್ನಂಥೋರು ಬೇಕು."

"ದೊಡ್ಡದಾ ಹಾಕ್ರಿ!"

ಅವನು ಏನೋ ಹೇಳಬಂದವನು, ಅವಳ ಮುಖ ನೋಡಿ ದೊಡ್ಡ ಡಬ್ಬಿಯನ್ನೇ ಕಾರಿಗೆ ಕೂರಿಸಿದ.

ಅಲ್ಲಿಂದ ಶುರುವಾಯಿತು ಪೀಕಲಾಟ. ಅವನು ಡ್ರೈವರ್ ಸೀಟಿನಲ್ಲಿ ಕೂತು ಹೊಂದಿಸಿದರೆ ಅವನಿಗೆ ಹಾಡು ಸೊಗಸು. ಅವಳು ಕೂತರೆ ಅರ್ಧ ಹಾಡೇ ಮಾಯ. ಡಿಜೆ ಟ್ರ್ಯಾಕ್ಟರಿನವರಂತೆ ಸೌಂಡು, ಬೇಸು ಎಲ್ಲ ಏರಿಸಿ ನೋಡಿದಳು. ಹಾಡು ಒಡೆದು ಚೀರಿತು!

ಮತ್ತೆ ಅಂಗಡಿಗೆ. ಮತ್ತೆ ಅವನು ತರಿಸುವ ಚಹಾ, ಅವನ ಮೆಲುನಗು... 'ನಾನು ಬರೋದು ಬರೀ ಹಾಡಿಗಾ?' ಎಂದು ಅವಳಿಗೇ ಅನುಮಾನ ಹುಟ್ಟಿತು.

ಆದರೆ ಅವನಿಗೆ ಹೇಳದ ಮಾತೊಂದಿತ್ತು. ಚಿಕ್ಕಂದಿನ ಜ್ವರದಲ್ಲಿ ಅವಳ ಎಡಗಿವಿ ಹೋಗಿತ್ತು. ಅದು ತಿಳಿದೊಡನೆ, ನೋಡಲು ಬಂದಿದ್ದ ಗಂಡಿನ ಕಡೆಯವರು ಅರ್ಧ ತಿಂದ ಉಪ್ಪಿಟ್ಟು ಬಿಟ್ಟು ಎದ್ದು ಹೋಗಿದ್ದರು.

'ಇವನೂ ಹಾಗೇ ಎದ್ದು ಹೋದರೆ?'

ಒಂದು ಮಧ್ಯಾಹ್ನ ಪಕ್ಕದ ಗ್ಯಾರೇಜಿನ ದಾದಾಪೀರ್ ನಗೆಯಾಡಿದ. "ಡಬ್ಬಿ ಚಲೋ ಐತಿ ಬಿಡಪ್ಪ ಹುಲುಗೇಶ. ಅಕ್ಕಾರು ಮೊದ್ಲು ಕಿವಿ ತೋರಿಸ್ಕೊಂಡು ಬರ್ಲಿ!"

ಹುಲುಗೇಶ ನಗಲಿಲ್ಲ. ಆದರೆ ಒಂದು ಮಾತೂ ಆಡದೆ ತಲೆ ತಗ್ಗಿಸಿದ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಕಾರು ಹತ್ತಿ ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ಅಳು. ಕೊಟ್ಟೂರು ಹತ್ತಿರವಾದಾಗ ಕಾರು ನಿಲ್ಲಿಸಿ ಬಾಟಲಿ ನೀರಿನಲ್ಲಿ ಮುಖ ತೊಳೆದಳು.

'ನಾನೇನು ಕದ್ದಿದ್ದೀನಾ ಅಡಗೋಕೆ? ನನ್ನ ಕಾರು, ನನ್ನ ಕಿವಿ!'

ಕಾರು ಬಂದ ದಾರಿಗೇ ತಿರುಗಿತು.

"ದೊಡ್ಡದು ಬಿಚ್ರಿ, ಸಣ್ಣದು ಹಾಕ್ರಿ. ನಾನಾ ಹೊಂದಿಸ್ಕೊಂತೀನಿ." ದಾದಾಪೀರನಿಗೂ ಕೇಳುವಂತೆ ದನಿ ಏರಿಸಿದಳು. "ನನಗ ಎಡಗಿವಿ ಕೇಳ್ಸಂಗಿಲ್ಲ!"

"ತಪ್ಪಾತು ತಂಗಿ," ಎಂದು ದಾದಾಪೀರ್ ಪೆಚ್ಚಾದ.

ಹುಲುಗೇಶ ಮೆಲ್ಲಗೆ ಹೇಳಿದ. "ನನಗ ಗೊತ್ತಿತ್ತು... ಮೊದಲ್ನೇ ದಿನಾನಾ. ನಾನು ಮಾತಾಡಿದಾಗೆಲ್ಲ ಬಲಗಿವಿ ನನ್ನ ಕಡೆ ತಿರುವ್ತಿದ್ರಿ. ಅದಕ್ಕಾ ಸಣ್ಣದು ತೋರಿಸಿದ್ದು. ನಿಮ್ಮ ಹಾಡು ನನ್ನ ಕಿವಿಲೆ ಹೊಂದಿಸಾಕ ಆಗಂಗಿಲ್ರಿ."

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಮುಚ್ಚಿಟ್ಟಿದ್ದನ್ನ ನಾನು ಹೆಂಗ ಬಾಯಿ ಬಿಡ್ಲಿ? ಆಮ್ಯಾಲೆ... ದೊಡ್ಡದಿದ್ರ ನೀವು ಬರ್ತಾನಾ ಇರ್ತೀರಿ ಅಂತ ಆಸಿ ಹುಟ್ಟಿತು. ಅದು ನನ್ನ ತಪ್ಪು."

ರೇಣುಕಾಳಿಗೆ ಬಯ್ಯಬೇಕೆನಿಸಿತು. ಬದಲಿಗೆ ಕಾರಿನ ಕೀ ಅವನ ಕೈಗಿಟ್ಟಳು.

ಸಣ್ಣ ಡಬ್ಬಿ ಕೂತಿತು. ಅವಳು ಫೋನ್ ಹಿಡಿದಳು. ಅವನು ಎಡಗಡೆಯ ಸೀಟಿನಲ್ಲಿ ಕೈಕಟ್ಟಿ ಕೂತ, ಒಮ್ಮೆಯೂ ಫೋನಿಗೆ ಕೈ ಚಾಚಲಿಲ್ಲ. ಎಡಗಡೆಯ ಸದ್ದನ್ನೂ ಬಲಗಡೆಯ ಸ್ಪೀಕರಿಗೇ ಎಳೆದಳು. ಜಾಸ್ತಿಯಾಯಿತು, ಇಳಿಸಿದಳು. ಸಾಲದು, ಮತ್ತೆ ಏರಿಸಿದಳು.

ಇದ್ದಕ್ಕಿದ್ದಂತೆ...

"ಅಯ್ಯ! ಈ ಹಾಡಿನ್ಯಾಗ ತಬಲಾ ಐತೇನ್ರಿ!"

ಅವಳ ಕಣ್ಣು ತುಂಬಿ ಬಂತು. ಎಡಗಡೆ ಅವನ ತುಟಿಗಳು ಅಲುಗಿದವು, ಮಾತು ಅವಳ ಕಿವಿಗೆ ಮುಟ್ಟಲಿಲ್ಲ. ಅವನು ನಕ್ಕು ಕೆಳಗಿಳಿದ. ಕಾರಿನ ಮುಂದಿನಿಂದ ಸುತ್ತಿ ಬಂದು ಅವಳ ಬಲಗಡೆಯ ಕಿಟಕಿಗೆ ಬಾಗಿದ.

"ನನ್ನ ಮದಿವಿ ಆಗ್ತೀರಾ, ರೇಣುಕಾ?"

ಒಂದೊಂದು ಅಕ್ಷರವೂ ಕೇಳಿಸಿತು. ಆದರೂ...

"ಹಾಡಿನ ಗದ್ದಲದಾಗ ತಿಳೀಲಿಲ್ಲ. ಇನ್ನೊಮ್ಮಿ ಹೇಳ್ರಿ."

"ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಜೀವನಪೂರ್ತಿ ಈ ಕಡೀನಾ ನಿಂತು ಹೇಳ್ತೀನಿ."

ಅವಳು ಹಾಡು ನಿಲ್ಲಿಸಿದಳು.

"ಆಗ್ತೀನಿ," ಅಂದಳು. "ನಿಮಗ ಕೇಳಿಸ್ತೋ ಇಲ್ಲೋ?"